ವಿಷ, ಕ್ಯಾನ್ಸರ್, ಲ್ಯಾಬು: ಹಾಸನದಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಹೊಗೆಸೊಪ್ಪು, ಆಲೂಗಡ್ಡೆ, ಊಟಕ್ಕಾಗುವಷ್ಟು ರಾಗಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಆಮೇಲೆ ಹಾಸನ, ಮೈಸೂರು, ಬೆಂಗಳೂರು, ನಾಲ್ಕು ವರ್ಷ ಹೊರದೇಶ. ಕ್ಯಾನ್ಸರ್ ಜೀವಶಾಸ್ತ್ರ, ವಿಷಶಾಸ್ತ್ರ ಅಂತ ಇಪ್ಪತ್ತೆಂಟು ವರ್ಷ ಲ್ಯಾಬುಗಳಲ್ಲೇ ಕಳೆದು ಈಗ ಹಾಸನಕ್ಕೆ ವಾಪಸ್ ಬಂದಿದ್ದೇನೆ. ಶಾಲೆಗೆ ಹೋದರೆ ಮಕ್ಕಳು, ಮದುವೆ ಮನೆಯಲ್ಲಿ ನೆಂಟರು, ಸಂತೆಯಲ್ಲಿ ರೈತರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಿಂತಲ್ಲೇ ಅರ್ಧಂಬರ್ಧ ಉತ್ತರ ಹೇಳಿ ಬಂದರೆ ನನಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆದಿದ್ದೇನೆ.

ವಿಷಶಾಸ್ತ್ರಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ?

ಅತಿಯಾದರೆ ಅಮೃತವೂ ವಿಷ ಅಂತ ನಮ್ಮಲ್ಲಿ ಹೇಳುತ್ತಾರೆ, ಅಲ್ವಾ? ವಿಷಶಾಸ್ತ್ರದ ಬುಡವೇ ಆ ಮಾತು. ಯಾವ ವಸ್ತು, ಎಷ್ಟು, ಎಷ್ಟು ದಿನ, ಯಾವ ದಾರಿಯಲ್ಲಿ ಒಳಗೆ ಹೋಯಿತು? ಈ ನಾಲ್ಕನ್ನು ಕೇಳುವುದೇ ನಮ್ಮ ಕಸುಬು. ಕೆಲವು ವಿಷ ಅರ್ಧ ಗಂಟೆಯಲ್ಲಿ ಕೊಲ್ಲುತ್ತವೆ. ಕೆಲವು ಇಪ್ಪತ್ತು ಮೂವತ್ತು ವರ್ಷ ಸುಮ್ನೆ ಇದ್ದು ಆಮೇಲೆ ಗಡ್ಡೆಯಾಗಿ ತಲೆ ಎತ್ತುತ್ತವೆ. ನಾನು ಬೆನ್ನು ಹತ್ತಿದ್ದು ಈ ಎರಡನೇ ಜಾತಿಯ ವಿಷವನ್ನು.

ಇದರ ಕತೆ ಶುರುವಾಗುವುದು 1775ರಲ್ಲಿ. ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ ಒಂದು ವಿಷಯ ಬರೆದಿಟ್ಟರು. ಚಿಕ್ಕಂದಿನಲ್ಲಿ ಚಿಮಣಿ ಗುಡಿಸುತ್ತಿದ್ದ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚರ್ಮದ ಕ್ಯಾನ್ಸರ್ ಬರುತ್ತದೆ, ಅದಕ್ಕೆ ಕಾರಣ ಚರ್ಮದ ಮಡಿಕೆಯಲ್ಲಿ ಕೂರುವ ಮಸಿ ಅಂತ. 1915ರಲ್ಲಿ ಜಪಾನಿನ ಯಮಗಿವ ಮತ್ತು ಇಚಿಕಾವ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಬಳಿದು ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದರು. ಅವರಿಗಿಂತ ಮುಂಚೆ ಪ್ರಯತ್ನಪಟ್ಟವರು ಬೇಗ ಕೈಬಿಟ್ಟಿದ್ದರು. 1933ರ ಹೊತ್ತಿಗೆ ಆ ಟಾರಿನೊಳಗಿನ ಅಪರಾಧಿಗೆ ಒಂದು ಹೆಸರು ಸಿಕ್ಕಿತು: ಬೆಂಜೊಪೈರೀನ್. ಬೀಡಿ, ಸಿಗರೇಟಿನ ಹೊಗೆಯಲ್ಲಿ, ಸೌದೆ ಒಲೆಯ ಹೊಗೆಯಲ್ಲಿ, ವಾಹನದ ಹೊಗೆಯಲ್ಲಿ ಇರುವುದು ಇದೇ.

ನೀವು ಈ ದಾರಿ ಹಿಡಿದದ್ದು ಹೇಗೆ?

ಆಗ ನಾನು ಎಂಟನೇ ಕ್ಲಾಸು. ಶ್ರಾವಣದ ಜಡಿಮಳೆ. ಅಮ್ಮನೂ ನಾನೂ ಬೆಳಿಗ್ಗೆ ಆರಕ್ಕೇ ಹೊಗೆಸೊಪ್ಪು ಮುರಿಯಲು ಇಳಿದಿದ್ದೆವು. ಗಿಡದ ಬುಡದ ಎಲೆ ಮೊದಲು ಮುರಿಯಬೇಕು. ಮುರಿದ ಎಲೆಗಳನ್ನು ಕಂಕುಳಿಗೆ ಒತ್ತಿಕೊಂಡು ಸಾಲು ದಾಟಬೇಕು. ಎಲೆ ಒದ್ದೆ, ರವಿಕೆ ಒದ್ದೆ, ಕೈಗೆಲ್ಲ ಟಾರಿನಂಥ ಕಪ್ಪು ಅಂಟು. ಹತ್ತು ಗಂಟೆಗೆ ಅಮ್ಮ ಬದುವಿನ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ಒಂದೇ ಸಮನೆ ವಾಂತಿ, ತಲೆಸುತ್ತು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಮಾರನೇ ದಿನ ಅಮ್ಮನಿಗೆ ವಾಸಿಯಾಯಿತು. ದೃಷ್ಟಿ ಇಳಿಯಿತು ಅಂದುಕೊಂಡೆವು.

ಹತ್ತು ವರ್ಷ ಆದ ಮೇಲೆ, ಎಂಎಸ್ಸಿ ಓದುವಾಗ, ಲೈಬ್ರರಿಯಲ್ಲಿ ಒಂದು ಪುಟ ಸಿಕ್ಕಿತು. ಹಸಿ ತಂಬಾಕು ಕಾಯಿಲೆ. ಒದ್ದೆ ಎಲೆಯಿಂದ ನಿಕೋಟಿನ್ ನೀರಿಗೆ ಇಳಿಯುತ್ತದೆ, ನೀರಿನಿಂದ ಚರ್ಮಕ್ಕೆ, ಚರ್ಮದಿಂದ ರಕ್ತಕ್ಕೆ. ವಾಂತಿ, ತಲೆಸುತ್ತು, ಸುಸ್ತು. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ನಮ್ಮಮ್ಮನ ಆ ಬೆಳಿಗ್ಗೆಯನ್ನು ಯಾರೋ ನೋಡಿ ಬರೆದಂತಿತ್ತು. ಬೀಡಿ ಮುಟ್ಟದ ಹೆಂಗಸಿಗೆ ನಿಕೋಟಿನ್ ವಿಷ ಏರಿತ್ತು. ಮಳೆ ನಿಂತು ಎಲೆ ಒಣಗಿದ ಮೇಲೆ ಮುರಿದಿದ್ದರೆ, ಮೈಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಿದ್ದರೆ ಬಹುಶಃ ಆಗುತ್ತಿರಲಿಲ್ಲ. ಇಷ್ಟು ಸಣ್ಣ ಸಂಗತಿ ನಮ್ಮೂರಿಗೆ ಯಾಕೆ ಬಂದು ತಲುಪಲಿಲ್ಲ? ಆ ಸಿಟ್ಟಿನಲ್ಲೇ ನಾನು ಈ ಕೆಲಸಕ್ಕೆ ಬಂದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಲ್ಯಾಬಿನಲ್ಲಿ ದಿನವಿಡೀ ಏನು ಮಾಡುತ್ತೀರಿ?

ಜಾಸ್ತಿ ಹೊತ್ತು ಹೋಗುವುದು ಸೆಲ್, ಅಂದರೆ ಜೀವಕೋಶ ಸಾಕುವುದರಲ್ಲಿ. ಹಸು ಸಾಕಿದ ಹಾಗೇ. 37 ಡಿಗ್ರಿ ಶಾಖ ಬೇಕು, ಎರಡು ಮೂರು ದಿನಕ್ಕೊಮ್ಮೆ ಹೊಸ ಆಹಾರ ಬೇಕು, ಹಬ್ಬ ಅಂತ ರಜೆ ಹಾಕಿದರೆ ಸಾಯುತ್ತವೆ.

ಒಂದು ಪ್ರಯೋಗ ಹೇಳುತ್ತೇನೆ. ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ಅಳಗುಳಿ ಮಣೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಒಂದೊಂದು ಗುಳಿಗೂ ಅಷ್ಟಷ್ಟೇ ಸೆಲ್ ಹಾಕುತ್ತೇವೆ. ಮರುದಿನ ಮೊದಲ ಸಾಲಿಗೆ ವಿಷ ಇಲ್ಲ, ಎರಡನೇ ಸಾಲಿಗೆ ಒಂದು ಪಾಲು, ಮೂರನೇ ಸಾಲಿಗೆ ಎರಡು ಪಾಲು, ನಾಲ್ಕನೇದಕ್ಕೆ ನಾಲ್ಕು. ಒಂದೆರಡು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಸೆಲ್ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತದ್ದಕ್ಕೆ ಆಗುವುದಿಲ್ಲ. ಕೊನೆಯಲ್ಲಿ ತಟ್ಟೆಯನ್ನು ಬೆಳಕಿಗೆ ಹಿಡಿದರೆ ಒಂದು ಕಡೆ ನೇರಳೆ ಹಣ್ಣಿನ ಬಣ್ಣ, ಸಾಲು ಸಾಲಾಗಿ ತೆಳುವಾಗುತ್ತ ಹೋಗಿ ಇನ್ನೊಂದು ಕಡೆ ಬರೀ ಹಳದಿ. ಎಷ್ಟಕ್ಕೆ ಏನಾಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ನೂರಾರು ಸಲ ಮಾಡಿದ್ದೇನೆ. ಬೆಳಕಿಗೆ ಹಿಡಿಯುವ ಆ ಗಳಿಗೆ ಒಮ್ಮೆಯೂ ಬೇಸರ ತರಿಸಲಿಲ್ಲ.

ಸೆಲ್ ಸಾಯುವುದು ಬೇರೆ, ಸಾಯದೆ ಕೆಡುವುದು ಬೇರೆ. ಕ್ಯಾನ್ಸರ್‌ಗೆ ದಾರಿ ಎರಡನೆಯದು. ಅದನ್ನು ಹಿಡಿಯಲು 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ಒಂದು ಜಾಣ ಪರೀಕ್ಷೆ ಕೊಟ್ಟರು. ಹಿಸ್ಟಿಡಿನ್ ಅನ್ನುವ ಪೋಷಕಾಂಶ ತಾವೇ ತಯಾರಿಸಿಕೊಳ್ಳಲಾಗದ ಬ್ಯಾಕ್ಟೀರಿಯಾಗಳನ್ನು ಹಿಸ್ಟಿಡಿನ್ ಇಲ್ಲದ ತಟ್ಟೆಯಲ್ಲಿ ಬಿಡುವುದು. ಅವು ಬೆಳೆಯಬಾರದು. ನಮ್ಮ ರಾಸಾಯನಿಕ ಅವುಗಳ ಡಿಎನ್‌ಎಯನ್ನು, ಅಂದರೆ ಸೆಲ್ಲಿನೊಳಗೆ ನಾಲ್ಕೇ ಅಕ್ಷರಗಳಲ್ಲಿ ಇರುವ ಬರಹವನ್ನು, ತಿದ್ದಿಬಿಟ್ಟರೆ ಕೆಲವಕ್ಕೆ ಆ ಶಕ್ತಿ ಮರಳಿ ಬಂದು ಬಿಳಿ ಚುಕ್ಕಿಗಳಾಗಿ ಬೆಳೆಯುತ್ತವೆ. ಚುಕ್ಕಿ ಎಣಿಸಿದರೆ ಅಂದಾಜು ಸಿಗುತ್ತದೆ.

ನಿಮ್ಮ ಪಿಎಚ್‌ಡಿ ಯಾವುದರ ಮೇಲೆ?

ಬೆಂಜೊಪೈರೀನ್ ಮತ್ತು ಲಿವರ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಇಡೀ ವೃತ್ತಿ ಇದರ ಸುತ್ತಲೇ ತಿರುಗಿತು.

ಬೆಂಜೊಪೈರೀನ್ ಜಿಡ್ಡಿನ ಜಾತಿ. ನೀರಿನಲ್ಲಿ ಕರಗುವುದಿಲ್ಲ. ಕರಗದಿದ್ದರೆ ಮೂತ್ರದಲ್ಲಿ ಹೊರಗೆ ಹೋಗುವುದು ಹೇಗೆ? ಲಿವರಿನ ಕಿಣ್ವಗಳು ಅದಕ್ಕೆ ಆಮ್ಲಜನಕ ಅಂಟಿಸಿ ತೊಳೆದು ಕಳಿಸಲು ಹೊರಡುತ್ತವೆ. ಅದು ಒಳ್ಳೆಯ ಕೆಲಸವೇ. ಆದರೆ ಆ ಕೆಲಸ ಅರ್ಧದಲ್ಲಿರುವಾಗ ಒಂದು ರೂಪ ಹುಟ್ಟುತ್ತದೆ. ಅದು ಮೂಲ ವಸ್ತುವಿಗಿಂತ ಅಪಾಯ. ಹೋಗಿ ಡಿಎನ್‌ಎಯ ಗ್ವಾನಿನ್ ಅಕ್ಷರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಂದರೆ ಮನೆ ಗುಡಿಸಲು ಹೋದವನೇ ಎಬ್ಬಿಸಿದ ದೂಳು. ಲಿವರಿನಲ್ಲಷ್ಟೇ ಅಲ್ಲ, ಶ್ವಾಸಕೋಶದಲ್ಲೂ ಇದೇ ನಡೆಯುತ್ತದೆ.

ದೇಹದಲ್ಲಿ ರಿಪೇರಿಯವರೂ ಇದ್ದಾರೆ. ಬಹಳಷ್ಟು ಸಲ ಕಚ್ಚಿಕೊಂಡದ್ದನ್ನು ಕತ್ತರಿಸಿ ಸರಿಮಾಡುತ್ತಾರೆ. ರಿಪೇರಿ ಆಗುವ ಮುಂಚೆ ಸೆಲ್ ಎರಡಾಗಿಬಿಟ್ಟರೆ ತಪ್ಪು ಅಕ್ಷರ ಶಾಶ್ವತ. ಪಿ53 ಅಂತ ಒಂದು ಕಾವಲು ಜೀನ್ ಇದೆ. ಕೆಟ್ಟ ಸೆಲ್ ಬೆಳೆಯದಂತೆ ತಡೆಯುವುದು ಅದರ ಕೆಲಸ. 1996ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಬೆಂಜೊಪೈರೀನಿನ ಆ ರೂಪ ಪಿ53ರಲ್ಲಿ ಎಲ್ಲೆಲ್ಲಿ ಕಚ್ಚುತ್ತದೋ ಅದೇ ಜಾಗಗಳಲ್ಲೇ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ತಪ್ಪುಗಳು ಕಾಣುತ್ತವೆ ಅಂತ ತೋರಿಸಿತು. ಅಪರಾಧ ನಡೆದ ಕಡೆ ಬೆರಳಚ್ಚು ಸಿಕ್ಕ ಹಾಗೆ. ಅದರ ಜೆರಾಕ್ಸ್ ಇಟ್ಟುಕೊಂಡು ನಾನು ರಾತ್ರಿ ನಿದ್ದೆ ಮಾಡಲಿಲ್ಲ.

ಒಂದು ತಪ್ಪು ಅಕ್ಷರಕ್ಕೆ ಕ್ಯಾನ್ಸರ್ ಬರುವುದಿಲ್ಲ. ಒಂದೇ ಸೆಲ್ಲಿನ ವಂಶದಲ್ಲಿ ಇಂಥ ಹಲವು ತಪ್ಪು ಸೇರಬೇಕು. ಅದಕ್ಕೆ ದಶಕಗಳು ಬೇಕು. ಇಪ್ಪತ್ತು ವರ್ಷದಿಂದ ಬೀಡಿ ಸೇದುತ್ತಿದ್ದೀನಿ, ಏನೂ ಆಗಿಲ್ಲ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಲೆಕ್ಕ ಒಳಗೆ ನಡೆಯುತ್ತಿದೆ. ಇವತ್ತು ಬಿಟ್ಟರೂ ಆ ಲೆಕ್ಕ ಏರುವುದು ನಿಧಾನವಾಗುತ್ತದೆ.

ದೊಡ್ಡ ಸೋಲು ಯಾವುದು?

ಪಿಎಚ್‌ಡಿಯ ಮೂರನೇ ವರ್ಷ. ಬೇರೆ ಲ್ಯಾಬಿನಿಂದ ಲಿವರ್ ಸೆಲ್ ಅಂತ ತಂದ ಸೆಲ್ಲುಗಳ ಮೇಲೆ ಎಂಟು ತಿಂಗಳು ಕೆಲಸ ಮಾಡಿದ್ದೆ. ಫಲಿತಾಂಶ ಯಾಕೋ ಒಂದಕ್ಕೊಂದು ಕೂಡುತ್ತಿರಲಿಲ್ಲ. ಡಿಎನ್‌ಎ ಗುರುತು ಪರೀಕ್ಷೆ ಮಾಡಿಸಿದರೆ ಅವು ಲಿವರ್ ಸೆಲ್ಲೇ ಅಲ್ಲ, ಹೀಲಾ. ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಹೆಂಗಸಿನ ಗರ್ಭಕೊರಳಿನ ಗಡ್ಡೆಯಿಂದ 1951ರಲ್ಲಿ ಅವರನ್ನು ಕೇಳದೆಯೇ ತೆಗೆದ ಸೆಲ್ಲುಗಳು ಅವು. ಎಷ್ಟು ಜೋರಾಗಿ ಬೆಳೆಯುತ್ತವೆ ಅಂದರೆ ಒಂದು ಹನಿ ಬೇರೆ ಬಾಟಲಿಗೆ ಬಿದ್ದರೂ ಅಲ್ಲಿದ್ದವನ್ನೆಲ್ಲ ಹಿಂದೆ ಹಾಕಿಬಿಡುತ್ತವೆ. ಲೋಕದ ಎಷ್ಟೋ ಲ್ಯಾಬಿನಲ್ಲಿ ಹೀಗಾಗಿದೆ, 1966ರಲ್ಲೇ ಇದನ್ನು ಎಚ್ಚರಿಸಿದ್ದರು. ಎಂಟು ತಿಂಗಳ ನೋಟ್‌ಬುಕ್ಕಿಗೆ ಅಡ್ಡಗೆರೆ ಎಳೆದೆ. ಅತ್ತದ್ದೂ ಉಂಟು. ಅವತ್ತಿನಿಂದ ಯಾವ ಸೆಲ್ ಬಂದರೂ ಮೊದಲು ಗುರುತು ಪರೀಕ್ಷೆ, ಆಮೇಲೆ ಪ್ರಯೋಗ.

ಇಲಿಗಳನ್ನು ಕೊಂದಿದ್ದೀರಾ?

ಹೌದು. ಮಕ್ಕಳು ಇದನ್ನು ಕೇಳಿದಾಗ ನಾನು ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಇದಕ್ಕೆ ಸಮಿತಿಗಳಿವೆ. ಎಷ್ಟು ಪ್ರಾಣಿ, ಯಾಕೆ, ನೋವು ಹೇಗೆ ತಡೆಯುತ್ತೀರಿ ಅಂತ ಬರೆದು ಒಪ್ಪಿಗೆ ಪಡೆಯಬೇಕು. ಸೆಲ್ಲಿನಲ್ಲಿ ಉತ್ತರ ಸಿಗುವುದಾದರೆ ಪ್ರಾಣಿ ಮುಟ್ಟಬಾರದು, ಮುಟ್ಟಲೇಬೇಕಾದರೆ ಆದಷ್ಟು ಕಡಿಮೆ, ಆದಷ್ಟು ನೋವಿಲ್ಲದೆ. ಈ ಸೂತ್ರ 1959ರಿಂದ ಇದೆ. ಈಗ ಚಿಪ್ ಅನ್ನುವ ಸಣ್ಣ ಬಿಲ್ಲೆಯ ಮೇಲೆ ಬೆಳೆಸಿದ ಲಿವರ್ ಸೆಲ್ಲು, ಕಂಪ್ಯೂಟರ್ ಲೆಕ್ಕ ಬಂದು ಪ್ರಾಣಿಗಳ ಬಳಕೆ ಕಡಿಮೆಯಾಗುತ್ತಿದೆ. ನನಗೆ ಅದು ನಿಜವಾದ ಖುಷಿಯ ಸಂಗತಿ.

ಗ್ರೂಪ್ 1 ಪಟ್ಟಿ ಅಂದರೆ ಏನು? ಅಡಿಕೆ ಅದರಲ್ಲಿ ಇದೆಯಂತೆ?

ಫ್ರಾನ್ಸಿನ ಲಿಯಾನ್‌ನಲ್ಲಿ ಐಎಆರ್‌ಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಯಾವ ವಸ್ತು ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷಿ ಎಷ್ಟಿದೆ ಅಂತ ನೋಡಿ ಗುಂಪು ಮಾಡುವ ಪಟ್ಟಿ ಅದರದ್ದು. ಗ್ರೂಪ್ 1 ಅಂದರೆ ಇದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷಿ ಗಟ್ಟಿ ಇದೆ ಅಂತ. ಎಷ್ಟು ತಿಂದರೆ ಎಷ್ಟು ಅಪಾಯ ಅನ್ನುವುದನ್ನು ಈ ಪಟ್ಟಿ ಹೇಳುವುದಿಲ್ಲ. ಹಾಗಾಗಿ ತಂಬಾಕು ಹೊಗೆಯೂ ಸಂಸ್ಕರಿಸಿದ ಮಾಂಸವೂ ಒಂದೇ ಗ್ರೂಪಿನಲ್ಲಿವೆ. ಎರಡರ ಅಪಾಯ ಒಂದೇ ಅಂತಲ್ಲ. ಪತ್ರಿಕೆಗಳು ಈ ವ್ಯತ್ಯಾಸ ಬಿಟ್ಟುಬಿಡುತ್ತವೆ.

ಅಡಿಕೆ 2004ರಿಂದ ಗ್ರೂಪ್ 1ರಲ್ಲಿದೆ. ತಂಬಾಕು ಇಲ್ಲದ ಎಲೆ ಅಡಿಕೆಯೂ ಅಷ್ಟೇ. ಚಿಕ್ಕಮಗಳೂರಿನ ಕಡೆ, ಅದರಲ್ಲೂ ಕೊಪ್ಪ, ಶೃಂಗೇರಿ ಕಡೆ ಇದನ್ನು ಹೇಳಿದರೆ ಸಭೆ ಮೌನವಾಗುತ್ತದೆ. ಅವರ ಅನ್ನದ ಪ್ರಶ್ನೆ ಅದು, ನನಗೆ ಗೊತ್ತು. ತಂಬಾಕು ಬೆಳೆದ ದುಡ್ಡಿನಲ್ಲೇ ನಾನೂ ಓದಿದವಳು. ಆದರೂ ಇಲ್ಲ ಅಂತ ಹೇಳಲಾರೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಂಡವರ ಬಾಯೊಳಗಿನ ಚರ್ಮ ನಾರುಗಟ್ಟಿ ಬಿಗಿಯುತ್ತದೆ. ಮೂರು ಬೆರಳು ಒಟ್ಟಿಗೆ ಬಾಯಿಗೆ ಹೋಗದಷ್ಟು. ಅದು ಮುಂದೆ ಕ್ಯಾನ್ಸರ್ ಆಗಬಹುದು. ಹಬ್ಬಕ್ಕೋ ಮದುವೆಗೋ ಹಾಕಿಕೊಳ್ಳುವ ಒಂದು ವೀಳ್ಯಕ್ಕೂ ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡು ದಿನವಿಡೀ ಅಗಿಯುವುದಕ್ಕೂ ಬಹಳ ಅಂತರ ಇದೆ. ನಾನು ಮೊದಲು ಹೆದರುವುದು ಆ ಪೊಟ್ಟಣದ ಹುಡುಗರಿಗಾಗಿ.

ಕಾಫಿ ಕುಡಿದರೆ ಕ್ಯಾನ್ಸರ್ ಬರುತ್ತದಾ?

ಇಲ್ಲ. 1991ರಲ್ಲಿ ಒಂದು ಅನುಮಾನ ಇತ್ತು. 2016ರಲ್ಲಿ ಐಎಆರ್‌ಸಿಯೇ ಅದನ್ನು ಕೈಬಿಟ್ಟಿತು. ಕುದಿ ಕುದಿ ಕುಡಿಯಬೇಡಿ, ಅಷ್ಟೇ. 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ, ಬರೀ ನೀರೂ, ಅನ್ನನಾಳಕ್ಕೆ ಒಳ್ಳೆಯದಲ್ಲ. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದರೆ ಸಾಕು.

ಬೆಳೆಗೆ ಔಷಧಿ ಹೊಡೆಯುವವರಿಗೆ ಏನು ಹೇಳುತ್ತೀರಿ?

ನಾವು ಅದನ್ನು ಔಷಧಿ ಅಂತ ಕರೆಯುತ್ತೇವಲ್ಲ, ನನಗೆ ಅಲ್ಲಿಂದಲೇ ಸಂಕಟ. ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷ ಅಪ್ಪ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಪುಡಿ ಕಲಸುತ್ತಿದ್ದರು. ಬೆನ್ನಿನ ಪಂಪು ಸೋರಿ ಪಂಚೆ ತೊಡೆವರೆಗೂ ಒದ್ದೆ. ಸಂಜೆವರೆಗೂ ಅದೇ ಪಂಚೆ. ಚರ್ಮ ಎಲ್ಲ ಕಡೆ ಒಂದೇ ಅಲ್ಲ. ಅಂಗೈ, ಮುಂಗೈಗಿಂತ ತೊಡೆಸಂದಿಯ ತೆಳು ಚರ್ಮ ಹಲವು ಪಟ್ಟು ಜಾಸ್ತಿ ಹೀರುತ್ತದೆ. ಚಿಮಣಿ ಹುಡುಗರ ಕತೆ ಓದಿದಾಗ ನನಗೆ ನೆನಪಾದದ್ದು ಆ ಒದ್ದೆ ಪಂಚೆ.

ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅತಿ ವಿಷ, ಹಸಿರು ಕಡಿಮೆ. ಹಸಿರು ಇದ್ದರೆ ಏನೂ ಆಗುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಆ ಬಣ್ಣ ಹೇಳುವುದು ಒಮ್ಮೆಲೇ ಒಳಗೆ ಹೋದರೆ ಎಷ್ಟು ಪ್ರಮಾಣ ಕೊಲ್ಲುತ್ತದೆ ಅನ್ನುವುದನ್ನು ಮಾತ್ರ. ಮೂವತ್ತು ವರ್ಷ ಸ್ವಲ್ಪ ಸ್ವಲ್ಪವೇ ಮೈಗೆ ಹತ್ತಿದರೆ ಏನು ಅನ್ನುವುದು ಆ ಬಣ್ಣದಲ್ಲಿ ಇಲ್ಲ. ಕಾಫಿಯ ಕಾಂಡಕೊರಕ ಹುಳುವಿಗೆ ವರ್ಷಗಟ್ಟಲೆ ಬಳಿದ ಲಿಂಡೇನ್ ಅನ್ನುವ ಕೀಟನಾಶಕ ನೆನಪಿದೆಯಾ? ಅದು 2015ರಲ್ಲಿ ಗ್ರೂಪ್ 1ಕ್ಕೆ ಸೇರಿತು. ಅಷ್ಟರಲ್ಲಿ ನಮ್ಮಲ್ಲಿ ಬಳಕೆ ನಿಂತಿತ್ತು ಅನ್ನುವುದೊಂದೇ ಸಮಾಧಾನ.

ಕೋಲಿನಿಂದ ಕಲಸಿ. ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ. ಸೋರುವ ಪಂಪು ಮೊದಲು ರಿಪೇರಿ ಮಾಡಿಸಿ. ಮುಗಿದ ಕೂಡಲೇ ಸೋಪು ಹಾಕಿ ಸ್ನಾನ, ಆ ಬಟ್ಟೆ ಬೇರೆ ಒಗೆಯಬೇಕು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ಏನೂ ತುಂಬಬೇಡಿ.

ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ತೊಳೆದು ತಿನ್ನಬಹುದಾ?

ಬೇಡ. ದಯವಿಟ್ಟು ಬೇಡ. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡಬಹುದು. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಾಗ ಇದು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆಂದ ಮುಸುಕಿನ ಜೋಳ ತಿಂದು ನೂರಕ್ಕೂ ಜಾಸ್ತಿ ಜನ ಕಾಮಾಲೆಯಾಗಿ ತೀರಿಕೊಂಡರು. ಸ್ವಲ್ಪ ಸ್ವಲ್ಪ ವರ್ಷಗಟ್ಟಲೆ ಹೋದರೆ ಲಿವರ್ ಕ್ಯಾನ್ಸರ್. ಹೆಪಟೈಟಿಸ್ ಬಿ ಇದ್ದವರಿಗಂತೂ ಅಪಾಯ ಎಷ್ಟೋ ಪಟ್ಟು. ಜೋಳ ಚೆನ್ನಾಗಿ ಒಣಗಿಸಿ. ಕಾಳು ಕಚ್ಚಿದರೆ ಕಟಕ್ ಅನ್ನಬೇಕು. ಬೂಷ್ಟಿನ ಹಿಂಡಿ ಹಸುವಿಗೂ ಹಾಕಬೇಡಿ, ವಿಷದ ಪಾಲು ಹಾಲಿಗೆ ಇಳಿಯುತ್ತದೆ.

ಹಸಿರಾದ ಆಲೂಗಡ್ಡೆ?

ಅದು ಕ್ಯಾನ್ಸರ್ ವಿಷಯ ಅಲ್ಲ. ಬಿಸಿಲಿಗೆ ಬಿದ್ದ ಗಡ್ಡೆಯಲ್ಲಿ ಸೊಲನಿನ್ ಏರುತ್ತದೆ, ಹೊಟ್ಟೆನೋವು ವಾಂತಿ ತರುತ್ತದೆ. ಹಸಿರು ಭಾಗ, ಮೊಳಕೆ ದಪ್ಪಗೆ ಕೆತ್ತಿ ಹಾಕಿ. ಜಾಸ್ತಿ ಹಸಿರಿದ್ದರೆ ಎಸೆಯಿರಿ.

ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದಂತೆ?

ಈ ಪ್ರಶ್ನೆ ಕೇಳುವವರ ಕಣ್ಣಿನಲ್ಲಿ ಬಹಳ ಸಲ ಒಬ್ಬ ರೋಗಿ ಇರುತ್ತಾರೆ. ಅದಕ್ಕೇ ಮೆತ್ತಗೆ ಹೇಳುತ್ತೇನೆ. ಇಲ್ಲ. ಲ್ಯಾಬಿನ ತಟ್ಟೆಯಲ್ಲಿ ಅದರ ರಸ ಕ್ಯಾನ್ಸರ್ ಸೆಲ್ ಕೊಲ್ಲುತ್ತದೆ, ನಿಜ. ನಾನು ಹೇಳಿದ ಆ 96 ಗುಳಿಯಲ್ಲಿ ಉಪ್ಪು ನೀರು ಜಾಸ್ತಿ ಹಾಕಿದರೂ ಸೆಲ್ ಸಾಯುತ್ತದೆ. ತಟ್ಟೆಯಿಂದ ಮನುಷ್ಯನ ತನಕ ಬಹಳ ದೂರ. ಈ ಹಣ್ಣಿನಲ್ಲಿ ಅನೊನಾಸಿನ್ ಅನ್ನುವ ವಸ್ತು ಇದೆ, ಅದು ನರಕೋಶಕ್ಕೆ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ರೂಢಿಯಾಗಿ ಸೇವಿಸುವವರಲ್ಲಿ ಪಾರ್ಕಿನ್ಸನ್ ತರಹದ ಕಾಯಿಲೆ ಕಂಡದ್ದನ್ನು 1999ರಲ್ಲಿ ವರದಿ ಮಾಡಿದರು. ಆಸೆಗೆ ಒಂದು ಹಣ್ಣು ತಿಂದರೆ ತೊಂದರೆ ಇಲ್ಲ. ಕೀಮೋ ಬಿಟ್ಟು ದಿನಾ ಕಷಾಯ ಕುಡಿಯುವುದು ಬೇಡ.

ಗಿಡದಿಂದ ಔಷಧ ಬರುವುದೇ ಇಲ್ಲ ಅಂತಲ್ಲ. ನಿಮ್ಮ ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಬಂತು, ಮಕ್ಕಳ ರಕ್ತ ಕ್ಯಾನ್ಸರ್‌ಗೆ ಇವತ್ತೂ ಕೊಡುತ್ತಾರೆ. ನಮ್ಮ ಘಟ್ಟದ ಕಾಡಿನ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ, ಅದರ ರೂಪ ಬದಲಿಸಿ ಎರಡು ಕ್ಯಾನ್ಸರ್ ಔಷಧ ಮಾಡಿದ್ದಾರೆ. ಆದರೆ ನಿತ್ಯಪುಷ್ಪದ ಎಲೆ ಅಗಿದರೆ ಬರುವುದು ವಿಷ, ವಾಸಿ ಅಲ್ಲ. ಎಷ್ಟು ಅನ್ನುವುದು ಗೊತ್ತಾದ ಮೇಲೆಯೇ ಅದು ಔಷಧವಾದದ್ದು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ತಯಾರಿಸಿದ ಅಮಿನೊಪ್ಟೆರಿನ್ ಅನ್ನುವ ಔಷಧದಿಂದ 1948ರಲ್ಲಿ ರಕ್ತ ಕ್ಯಾನ್ಸರ್ ಇದ್ದ ಮಕ್ಕಳು ಮೊದಲ ಸಲ ಸ್ವಲ್ಪ ಕಾಲ ಚೇತರಿಸಿಕೊಂಡರು. ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಇವತ್ತೂ ಬಳಕೆಯಲ್ಲಿದೆ.

ಹಾಸನದ ಹುಡುಗಿಗೆ, ಕನ್ನಡ ಮಾಧ್ಯಮದವಳಿಗೆ, ಇದು ಆಗುತ್ತದಾ?

ಆಗುತ್ತದೆ. ಪಿಯುಸಿಯಲ್ಲಿ ಕೆಮಿಸ್ಟ್ರಿ, ಬಯಾಲಜಿ. ಬಿಎಸ್ಸಿ, ಬಯೋಕೆಮಿಸ್ಟ್ರಿ ಇದ್ದರೆ ಒಳ್ಳೆಯದು. ಎಂಎಸ್ಸಿ. ಆಮೇಲೆ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ವಿದ್ಯಾರ್ಥಿವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆಯವರಿಗೆ ಇದನ್ನು ಹೇಳಿ, ಪಿಎಚ್‌ಡಿ ಅಂದರೆ ಕೈಯಿಂದ ದುಡ್ಡು ಹಾಕಿ ಓದುವುದಲ್ಲ ಅಂತ. ಲಕ್ನೋದಲ್ಲಿ ವಿಷಶಾಸ್ತ್ರಕ್ಕೇ ಮೀಸಲಾದ ಸಂಸ್ಥೆ ಇದೆ. ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಬೆಂಗಳೂರಿನಲ್ಲಿ ಹಲವು. ಔಷಧ ಕಂಪನಿಗಳಿಗೂ ವಿಷಶಾಸ್ತ್ರಜ್ಞರು ಬೇಕು. ಕಾಯಂ ಕೆಲಸ ಸಿಗುವುದು ತಡ, ನನಗೆ 36 ಆಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಇಂಗ್ಲಿಷ್ ನನಗೂ ಗೋಡೆಯಾಗಿತ್ತು. ದಿನಕ್ಕೆ ಒಂದೇ ಪುಟ ಓದಿ, ಓದಿದ್ದನ್ನು ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೆ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲ ಅಂತ ಲೆಕ್ಕ. ಆ ನೋಟ್‌ಬುಕ್ಕುಗಳು ಹದಿನಾಲ್ಕು ಆದವು. ಹುಡುಗಿಯರಿಗೆ ಕಮಲ್ ರಣದಿವೆ ಬಗ್ಗೆ ಹೇಳುತ್ತೇನೆ. ಮುಂಬೈಯಲ್ಲಿ ದೇಶದ ಮೊದಲ ಟಿಶ್ಯೂ ಕಲ್ಚರ್ ಲ್ಯಾಬ್ ಕಟ್ಟಿದವರು, ಕ್ಯಾನ್ಸರ್ ಮೇಲೆ ಜೀವನವಿಡೀ ದುಡಿದವರು. ನಾವೆಲ್ಲ ಸೆಲ್ ಸಾಕಲು ಕಲಿತದ್ದು ಅವರು ಹಾಕಿದ ದಾರಿಯಲ್ಲಿ.

ನಿಮ್ಮ ಮನೆಯವರು ಈಗಲೂ ಹೊಗೆಸೊಪ್ಪು ಬೆಳೆಯುತ್ತಾರಾ?

ಹೌದು, ತಮ್ಮ ಬೆಳೆಯುತ್ತಾನೆ. ರಾಮನಾಥಪುರದ ಹರಾಜಿಗೆ ಹಾಕುತ್ತಾನೆ. ಈ ಬಗ್ಗೆ ನಮ್ಮಿಬ್ಬರಿಗೆ ಜಗಳ ಆಗಿದೆ, ಮಾತು ಬಿಟ್ಟದ್ದೂ ಇದೆ. ಅಷ್ಟೇ ದುಡ್ಡು ಕೊಡುವ ಬೆಳೆ ಹೇಳು ಅನ್ನುತ್ತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೋದ ವರ್ಷದಿಂದ ಎರಡು ಎಕರೆ ಬಿಟ್ಟು ಶುಂಠಿ ಹಾಕಿದ್ದಾನೆ. ಉಳಿದದ್ದರಲ್ಲಿ ಮಳೆ ಬಂದ ದಿನ ಸೊಪ್ಪು ಮುರಿಯಿಸುವುದಿಲ್ಲ. ಸೊಪ್ಪು ಒಣಗಿಸುವ ಬ್ಯಾರನ್ನಿನ ಬಾಗಿಲ ಪಕ್ಕದ ಗೂಟದಲ್ಲಿ ಈಗ ಆರು ರೇನ್‌ಕೋಟು, ಆರು ಜೊತೆ ಗ್ಲೌಸು ನೇತಾಡುತ್ತಿವೆ. ಕೆಲಸಕ್ಕೆ ಬರುವ ಹೆಂಗಸರು ಅದನ್ನು ಹಾಕಿಕೊಂಡೇ ಸಾಲಿಗೆ ಇಳಿಯುತ್ತಾರೆ.